ಟೊರಾಂಟೊ ಬಿಟ್ಟು ಸಣ್ಣ ಊರಿಗೆ ಹೋಗುವ ಮುಂಚೆ

ಕೆನಡಾಕ್ಕೆ ಹೊಸದಾಗಿ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರ್ ಈ ಮೂರರಲ್ಲೇ ನೆಲೆಸಿದ್ದಾರೆ ಅನ್ನುತ್ತದೆ 2021ರ ಜನಗಣತಿ. ನಾವೂ ಅಷ್ಟೇ. ಗೊತ್ತಿರುವವರು ಅಲ್ಲಿದ್ದಾರೆ, ಕೆಲಸವೂ ಅಲ್ಲೇ. ಆದರೆ ಕೆಲಸವೆಲ್ಲ ಲ್ಯಾಪ್‌ಟಾಪಿನಲ್ಲೇ ಮುಗಿಯುವುದಾದರೆ ಬೇಸ್‌ಮೆಂಟಿಗೆ ಅಷ್ಟೊಂದು ಬಾಡಿಗೆ ಯಾಕೆ ಕಟ್ಟಬೇಕು, ಅಲ್ವಾ?

ಮೊದಲು ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಅನುಮತಿಯ ವಿಷಯ, ಜಾಸ್ತಿ ಜನ ಎಡವುವುದು ಇಲ್ಲೇ. ಸಣ್ಣ ಊರುಗಳಲ್ಲಿ ಕೆಲಸ ಮಾಡಿ ನೆಲೆಸುವ ವಲಸಿಗರಿಗೆ ಪಿಆರ್ ಕೊಡುವ ರೂರಲ್ ಕಮ್ಯುನಿಟಿ ಇಮಿಗ್ರೇಷನ್ ಪೈಲಟ್ ಅನ್ನುವ ಯೋಜನೆ 2025ರ ಜನವರಿಯಲ್ಲಿ ಶುರುವಾಯಿತು. ಥಂಡರ್ ಬೇ, ಟಿಮಿನ್ಸ್, ಬ್ರ್ಯಾಂಡನ್, ಮೂಸ್ ಜಾ, ಪಿಕ್ಟೌ ಕೌಂಟಿ ಸೇರಿ 14 ಕಡೆ ಇದೆ. ಇದರಲ್ಲಿ ಪಿಆರ್ ಬೇಕೆಂದರೆ ಆ ಊರಿನವರು ಮಾನ್ಯ ಮಾಡಿದ ಕಂಪನಿಯಿಂದಲೇ ಆಫರ್ ಬರಬೇಕು. ಟೊರಾಂಟೊ ಕಂಪನಿಯ ಕೆಲಸ ಇಟ್ಟುಕೊಂಡು ಟಿಮಿನ್ಸ್‌ನಲ್ಲಿ ಮನೆ ಮಾಡಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ನನಗಂತೂ ಇದು ಸರಿ ಅನ್ನಿಸುವುದಿಲ್ಲ. ಸಂಬಳ ಎಲ್ಲಿಂದ ಬಂದರೂ ಖರ್ಚಾಗುವುದು ಆ ಊರಲ್ಲೇ, ಮಕ್ಕಳು ಸೇರುವುದೂ ಅಲ್ಲಿನ ಶಾಲೆಗೇ, ಮಕ್ಕಳಿಲ್ಲದೆ ಶಾಲೆ ಮುಚ್ಚುವ ಭಯ ಇರುವ ಊರುಗಳಿಗೆ ಅದೇನು ಸಣ್ಣ ವಿಷಯವೇ? ಆದರೂ ನಿಯಮ ನಿಯಮವೇ. ಕ್ಲೋಸ್ಡ್ ವರ್ಕ್ ಪರ್ಮಿಟ್ (ಒಂದೇ ಕಂಪನಿಯಲ್ಲಿ ಕೆಲಸ ಮಾಡಲು ಕೊಡುವ ಪರವಾನಗಿ) ಇದ್ದರೆ ಅದರಲ್ಲಿ ಬರೆದಿರುವ ಕೆಲಸದ ಜಾಗವನ್ನೂ ಒಮ್ಮೆ ನೋಡಿಕೊಳ್ಳಿ. ಪಿಆರ್ ಕೈಗೆ ಬಂದಿದ್ದರೆ ಯಾವ ಪ್ರಾಂತ್ಯಕ್ಕಾದರೂ ಹೋಗಿ ಇರುವ ಹಕ್ಕು ಸಂವಿಧಾನದಲ್ಲೇ ಇದೆ.

ಪ್ರಾಂತ್ಯದ ಆದಾಯ ತೆರಿಗೆ ಕಟ್ಟುವುದು ಕಂಪನಿ ಇರುವ ಕಡೆಯ ಲೆಕ್ಕದಲ್ಲಲ್ಲ, ಡಿಸೆಂಬರ್ 31ಕ್ಕೆ ನೀವು ವಾಸವಿರುವ ಪ್ರಾಂತ್ಯದ ಲೆಕ್ಕದಲ್ಲಿ. ಪಿಕ್ಟೌ ಕೌಂಟಿ ಇರುವ ನೋವಾ ಸ್ಕೋಶಿಯಾದಲ್ಲಿ ಅದು ಟೊರಾಂಟೊ ಇರುವ ಒಂಟಾರಿಯೊಗಿಂತ ಜಾಸ್ತಿ, ಬಾಡಿಗೆಯಲ್ಲಿ ಉಳಿದದ್ದರಲ್ಲಿ ಸ್ವಲ್ಪ ಅಲ್ಲಿಗೆ ಹೋಗುತ್ತದೆ. ಬೇರೆ ಪ್ರಾಂತ್ಯಕ್ಕೆ ಹೋದ ತಕ್ಷಣ ಅಲ್ಲಿನ ಹೆಲ್ತ್ ಕಾರ್ಡಿಗೆ (ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು) ಅರ್ಜಿ ಹಾಕಿ. ಹೊಸದು ಶುರುವಾಗುವವರೆಗೆ, ಸುಮಾರು ಮೂರು ತಿಂಗಳು, ಹಳೇ ಪ್ರಾಂತ್ಯದ ಕಾರ್ಡೇ ನಡೆಯುತ್ತದೆ.

ಇಂಟರ್ನೆಟ್ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ. ನಾನು ನೋಡಿದ ಒಂದು ಮನೆಯಲ್ಲಿ "ಹೈಸ್ಪೀಡ್ ಇದೆ" ಅಂದಿದ್ದರು. ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಸ್ಪೀಡ್ ಟೆಸ್ಟ್ ಮಾಡಿದೆ. ಡೌನ್‌ಲೋಡ್ ಪರವಾಗಿಲ್ಲ, ಅಪ್‌ಲೋಡ್ ಒಂದು ಎಂಬಿಪಿಎಸ್ ದಾಟಲಿಲ್ಲ. ವಿಡಿಯೊ ಕಾಲ್ ಹಚ್ಚಿದರೆ ಆ ಕಡೆಯವರಿಗೆ ನನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತ್ತು. ಇಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಸಿಆರ್‌ಟಿಸಿ ಎಲ್ಲ ಮನೆಗೂ ಅಂತ ಇಟ್ಟಿರುವ ಗುರಿ 50 ಎಂಬಿಪಿಎಸ್ ಡೌನ್‌ಲೋಡ್, 10 ಎಂಬಿಪಿಎಸ್ ಅಪ್‌ಲೋಡ್. ಎರಡನೆಯ ಅಂಕಿಯನ್ನೇ ಕೇಳಿ. ಚಳಿಗಾಲದಲ್ಲಿ ಕರೆಂಟ್ ಹೋದರೆ ರೂಟರೂ ಹೋಗುತ್ತದೆ, ಯುಪಿಎಸ್ ಒಂದು ಇಟ್ಟುಕೊಳ್ಳಿ.

ಇನ್ನೊಂದು ಮಾತು. ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರು ಹೆಚ್ಚಾಗಿ ಸ್ವಯಂಸೇವಕರು. ಹಗಲು ಹೊತ್ತಿನಲ್ಲಿ ಅವರು ಕೆಲಸಕ್ಕೆ ದೂರ ಹೋಗಿದ್ದರೆ ಕರೆ ಬಂದಾಗ ಜನ ಸಾಲುವುದಿಲ್ಲ. ಮನೆಯಿಂದ ಕೆಲಸ ಮಾಡುವ ನೀವು ಆಗ ಊರಲ್ಲೇ ಇರುತ್ತೀರಿ. ತರಬೇತಿ ಅವರೇ ಕೊಡುತ್ತಾರೆ, ವರ್ಷಕ್ಕೆ 200 ಗಂಟೆ ಸೇವೆ ಮಾಡಿದರೆ ತೆರಿಗೆಯಲ್ಲಿ ರಿಯಾಯಿತಿಯೂ ಇದೆ. ಮೀಟಿಂಗ್ ಮಧ್ಯೆ ಎದ್ದು ಹೋಗಬೇಕಾದೀತು ಅಂತ ಮ್ಯಾನೇಜರ್‌ಗೆ ಮೊದಲೇ ಹೇಳಿ, ಆಮೇಲೆ ಹೆಸರು ಕೊಡಿ.