ಹತ್ತಿ-ಇಳಿಯುವ ಪ್ರವಾಸಿ ಬಸ್: ಟಿಕೆಟ್ ಕೊಳ್ಳುವ ಮುನ್ನ

ಒಂದೇ ಟಿಕೆಟ್‌ನಲ್ಲಿ ಬೇಕಾದ ನಿಲ್ದಾಣದಲ್ಲಿ ಇಳಿದು, ಊರು ನೋಡಿ, ಮತ್ತೆ ಮುಂದಿನ ಬಸ್ ಹತ್ತಬಹುದಾದ ಪ್ರವಾಸಿ ಬಸ್ ಇದು (ಹಾಪ್-ಆನ್ ಹಾಪ್-ಆಫ್). ಟಿಕೆಟ್ ಮೇಲೆ ‘1 ದಿನ’ ಎಂದಿದೆಯೋ ‘24 ಗಂಟೆ’ ಎಂದಿದೆಯೋ ಮೊದಲು ನೋಡಿ. ಒಂದು ದಿನದ್ದು ಸಾಮಾನ್ಯವಾಗಿ ಆ ಸಂಜೆಗೇ ಮುಗಿಯುತ್ತದೆ. 24 ಗಂಟೆಯದ್ದು ಮೊದಲ ಸಲ ಸ್ಕ್ಯಾನ್ ಮಾಡಿಸಿದಾಗಿನಿಂದ ಲೆಕ್ಕ. ಮಧ್ಯಾಹ್ನ 2ಕ್ಕೆ ಹತ್ತಿದರೆ ಮರುದಿನ ಬೆಳಗ್ಗೆಯೂ ಸುತ್ತಬಹುದು.

ಹೆಚ್ಚಿನ ಬಸ್‌ಗಳು ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಎಡವಟ್ಟಾಗುವುದು ಇಲ್ಲೇ: ಹಿಂದಿನ ನಿಲ್ದಾಣಕ್ಕೆ ಬಸ್ಸಿನಲ್ಲೇ ಮರಳಹೊರಟರೆ ಊರನ್ನೆಲ್ಲ ಸುತ್ತಿ ಬರಬೇಕು. ನಡೆದರೆ ಹತ್ತೇ ನಿಮಿಷವಿರಬಹುದು, ನಕ್ಷೆ ನೋಡಿ. ಕೊನೆಯ ಬಸ್ಸಿನ ವೇಳೆಯನ್ನು ನೀವು ಇಳಿದ ನಿಲ್ದಾಣದ ಫಲಕದಲ್ಲೇ ಓದಿ, ಫೋಟೊ ತೆಗೆದಿಟ್ಟುಕೊಳ್ಳಿ. ಕರಪತ್ರದಲ್ಲಿರುವುದು ಬಹಳ ಸಲ ಮೊದಲ ನಿಲ್ದಾಣದ ಹೊತ್ತು. ಆ ಕೊನೆಯ ಬಸ್ ಪೂರ್ತಿ ಸುತ್ತು ಹಾಕುತ್ತದೆಯೇ ಎಂದು ಚಾಲಕರನ್ನು ಕೇಳಿ. ಕೆಲವು ಅರ್ಧದಲ್ಲೇ ನಿಲ್ಲುತ್ತವೆ.

ತೆರೆದ ಮೇಲಂತಸ್ತಿಗೆ ಟೋಪಿ ಬೇಕೇ ಬೇಕು. ಸೀಟಿನ ಪಕ್ಕದಲ್ಲಿರುವ, ಸ್ಥಳಗಳ ವಿವರಣೆ ಕೇಳಿಸುವ ಪೆಟ್ಟಿಗೆಗೆ ಸಿಕ್ಕಿಸಲು ವೈರಿನ ಇಯರ್‌ಫೋನ್ ಒಯ್ಯಿರಿ.