ಅಪಧಮನಿ ಎಷ್ಟು ಪೆಡಸಾಗಿದೆ? ಅಳೆಯುವ ಬಗೆ, ಹೋಲಿಸುವಾಗಿನ ಎಚ್ಚರ

ವಯಸ್ಸಾದಂತೆ ಮಹಾಪಧಮನಿಯ (ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳದ) ಗೋಡೆಯಲ್ಲಿ ಹಿಗ್ಗಿ ಕುಗ್ಗುವ ಎಲಾಸ್ಟಿನ್ ನಾರುಗಳು ಸವೆದು, ಬಿಗಿಯಾದ ಕೊಲಾಜೆನ್ ನಾರುಗಳು ಹೆಚ್ಚುವುದರಿಂದ ರಕ್ತನಾಳ ಪೆಡಸಾಗುತ್ತದೆ. ಪೆಡಸಾದಷ್ಟೂ ಹೃದಯದ ಬಡಿತದಿಂದ ಹೊರಟ ಒತ್ತಡದ ಅಲೆ ಅದರಲ್ಲಿ ಬೇಗ ಸಾಗುತ್ತದೆ. ಆ ವೇಗವೇ ನಮ್ಮ ಮುಖ್ಯ ಅಳತೆಗೋಲು.

ಮೊದಲು ಸಿದ್ಧತೆ. ಪರೀಕ್ಷೆಗೆ ಮೂರು ಗಂಟೆ ಮುಂಚಿನಿಂದ ಕಾಫಿ, ಧೂಮಪಾನ ಬೇಡ. ಕನಿಷ್ಠ ಹತ್ತು ನಿಮಿಷ ಅಂಗಾತ ಮಲಗಿ, ಮಾತನಾಡದೆ, ನಿದ್ದೆಗೂ ಜಾರದೆ ವಿಶ್ರಮಿಸಬೇಕು. ಅಲೆಯ ವೇಗ ಆ ಹೊತ್ತಿನ ರಕ್ತದೊತ್ತಡಕ್ಕೆ ತಕ್ಕಂತೆ ಏರಿಳಿಯುವುದರಿಂದ ಅದನ್ನೂ ಅಳೆದು ಜೊತೆಗೇ ಬರೆದುಕೊಳ್ಳಬೇಕು.

ಹೆಚ್ಚು ನೆಚ್ಚಬಹುದಾದದ್ದು ಕೊರಳು–ತೊಡೆಸಂದಿನ ವಿಧಾನ. ಎರಡೂ ಕಡೆ ನಾಡಿಯನ್ನು ದಾಖಲಿಸಿ, ಅಲೆ ತಲುಪುವ ಸಮಯದ ಅಂತರವನ್ನು ಕಂಡುಕೊಂಡು, ದೂರವನ್ನು ಅದರಿಂದ ಭಾಗಿಸುತ್ತಾರೆ. ಇಲ್ಲಿ ಯಂತ್ರಕ್ಕಿಂತ ಟೇಪು ಹೆಚ್ಚು ಮೋಸ ಮಾಡುತ್ತದೆ. ಒಬ್ಬರ ಕೊರಳಿನಿಂದ ತೊಡೆಸಂದಿಗೆ ನೇರ ದೂರ 60 ಸೆಂ.ಮೀ., ಸಮಯದ ಅಂತರ 60 ಮಿಲಿಸೆಕೆಂಡು ಎಂದುಕೊಳ್ಳಿ. ಪೂರ್ತಿ ದೂರ ಹಿಡಿದರೆ ವೇಗ ಸೆಕೆಂಡಿಗೆ 10 ಮೀಟರ್. 2012ರ ತಜ್ಞರ ಒಮ್ಮತದಂತೆ ದೂರದ ಶೇ 80ರಷ್ಟನ್ನು, ಅಂದರೆ 48 ಸೆಂ.ಮೀ. ಮಾತ್ರ ಹಿಡಿದರೆ 8 ಮೀಟರ್. ಆ ಒಮ್ಮತ ಗೊತ್ತುಮಾಡಿದ ಅಪಾಯದ ಗಡಿಯೇ 10 ಆಗಿರುವಾಗ, ಅದೇ ವ್ಯಕ್ತಿ ಬರೀ ಲೆಕ್ಕದ ವ್ಯತ್ಯಾಸದಿಂದ ಗಡಿಗೆ ಬಂದು ನಿಲ್ಲುತ್ತಾರೆ. ಹೊಟ್ಟೆಯ ಉಬ್ಬಿನ ಮೇಲೆ ಟೇಪು ಹಾಯಿಸಿದರೂ ದೂರ ಸುಳ್ಳೇ ಹೆಚ್ಚುತ್ತದೆ. ಎರಡು ಸಲ ಅಳೆದು, ಫಲಿತಾಂಶಗಳ ನಡುವೆ ಸೆಕೆಂಡಿಗೆ 0.5 ಮೀಟರ್‌ಗಿಂತ ಹೆಚ್ಚು ಅಂತರ ಕಂಡರೆ ಮೂರನೆಯ ಸಲ ಅಳೆದು, ಮೂರರಲ್ಲಿ ನಡುವಿನ ಸಂಖ್ಯೆಯನ್ನು ತೆಗೆದುಕೊಳ್ಳಬೇಕು.

ಜಪಾನಿನಲ್ಲಿ ಬಹಳ ಬಳಕೆಯಲ್ಲಿರುವ ತೋಳು–ಕಣಕಾಲಿನ ವಿಧಾನದಲ್ಲಿ ನಾಲ್ಕೂ ಕೈಕಾಲುಗಳಿಗೆ ಬಿಪಿ ಪಟ್ಟಿ ಕಟ್ಟಿದರೆ ಸಾಕು, ತೊಡೆಸಂದನ್ನು ಮುಟ್ಟಬೇಕಿಲ್ಲ. ಹೆಚ್ಚು ಜನರನ್ನು ಪರೀಕ್ಷಿಸುವ ಶಿಬಿರಗಳಿಗೆ ನಾನು ಇದನ್ನೇ ಒಪ್ಪುತ್ತೇನೆ. ಆದರೆ ಕಾಲಿನ ಅಪಧಮನಿಗಳೂ ಲೆಕ್ಕಕ್ಕೆ ಸೇರುವುದರಿಂದ ಸಂಖ್ಯೆ ದೊಡ್ಡದಾಗಿರುತ್ತದೆ, ಅಲ್ಲಿನ ಗಡಿ 18 ಮೀಟರ್. ಕಾಲಿನ ರಕ್ತನಾಳ ಕಟ್ಟಿಕೊಂಡಿರುವವರಲ್ಲಿ ಇದನ್ನು ನಂಬುವಂತಿಲ್ಲ. ಹೃದಯದಿಂದ ಕಣಕಾಲಿನವರೆಗಿನ ಪೆಡಸುತನವನ್ನು ಹೇಳುವ, ಜಪಾನಿನದೇ ಆದ ‘ಕ್ಯಾವಿ’ ಸೂಚ್ಯಂಕ ರಕ್ತದೊತ್ತಡದ ಪ್ರಭಾವವನ್ನು ತಗ್ಗಿಸಲು ರೂಪುಗೊಂಡದ್ದು.

ಮಣಿಕಟ್ಟಿನ ಅಲೆಯ ಆಕಾರದಿಂದ ತೆಗೆಯುವ ಆಗ್ಮೆಂಟೇಶನ್ ಸೂಚ್ಯಂಕ (ಮರಳಿ ಬಂದ ಅಲೆ ಒತ್ತಡವನ್ನು ಎಷ್ಟು ಹೆಚ್ಚಿಸುತ್ತದೆ ಎಂಬ ಲೆಕ್ಕ) ವ್ಯಕ್ತಿಯ ಎತ್ತರಕ್ಕೂ ಹೃದಯ ಬಡಿತಕ್ಕೂ ತಕ್ಕಂತೆ ಬದಲಾಗುವುದರಿಂದ, ಅದನ್ನು ಪೆಡಸುತನದ ನೇರ ಅಳತೆಯೆಂದು ಓದಬಾರದು. ಎಂಆರ್‌ಐ ಮಹಾಪಧಮನಿಯ ನಿಜವಾದ ಉದ್ದವನ್ನೇ ತೋರಿಸುತ್ತದೆ, ಆದರೆ ದುಬಾರಿ.

ಆದ್ದರಿಂದ ಹಳೆಯ ವರದಿಯೊಡನೆ ಹೋಲಿಸುವ ಮುನ್ನ ವಿಧಾನ, ದೂರ ಹಿಡಿದ ಬಗೆ, ಅಂದಿನ ರಕ್ತದೊತ್ತಡ ಈ ಮೂರೂ ಎರಡರಲ್ಲಿಯೂ ನಮೂದಾಗಿವೆಯೇ ಎಂದು ನೋಡಿ. ಹೊಸದರಲ್ಲಿ ಇಲ್ಲದಿದ್ದರೆ ಪರೀಕ್ಷಾಲಯದಿಂದ ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ.