ಹಿತ್ತಿಲಿನಲ್ಲಿ ಕಾಡು ಕೇಪಳ: ನೆಡುವ, ಸವರುವ, ಬಳಸುವ ಬಗೆ

ಕರಾವಳಿಯ ಮುರಕಲ್ಲು ಗುಡ್ಡಗಳಲ್ಲಿಯೂ ಘಟ್ಟದ ತಪ್ಪಲಿನ ಕಾಡಂಚಿನಲ್ಲಿಯೂ ತಾನಾಗಿ ಬೆಳೆಯುವ ಕೇಪಳವನ್ನು ಬಿಟ್ಟು, ಅದರ ಜಾತಿಯದೇ ಕುಳ್ಳ ಮಿಶ್ರತಳಿಗಳನ್ನು ‘ಇಕ್ಸೋರ’ ಎಂಬ ಹೆಸರಿನಲ್ಲಿ ಕೊಂಡು ತರುವುದು ಇಂದಿನ ರೂಢಿ. ಆ ತಳಿಗಳು ಕುಂಡಕ್ಕೆ ಒಪ್ಪುತ್ತವೆ ಎಂಬುದು ನಿಜ. ಆದರೆ ಹಿತ್ತಿಲಿನಲ್ಲಿ ಚಿಟ್ಟೆಗಳೂ ಹಕ್ಕಿಗಳೂ ಸುಳಿದಾಡಬೇಕೆಂದು ಬಯಸುವವರು ಕಾಡಿನ ಕೇಪಳವನ್ನೇ ಬೆಳೆಸುವುದು ಮೇಲು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ‘ಇಕ್ಸೋರ ಕಾಕ್ಸಿನಿಯ’ ಎಂದು ಹೆಸರಿಸಿದ ಈ ಪೊದೆಯ ತವರು ದಕ್ಷಿಣ ಭಾರತ ಮತ್ತು ಶ್ರೀಲಂಕಾ.

ಗಿಡ ಬೇಕೆಂದು ಕಾಡಿನಿಂದ ಬೇರುಸಹಿತ ಕಿತ್ತು ತರಬಾರದು. ಊರಿನಲ್ಲಿ ಯಾರದಾದರೂ ಬೇಲಿಯಲ್ಲಿ ಕೇಪಳವಿದ್ದರೆ, ಮಳೆಗಾಲದ ಆರಂಭದಲ್ಲಿ ಅವರನ್ನು ಕೇಳಿ, ತೀರ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ರೆಂಬೆಯಿಂದ ಗೇಣುದ್ದದ ತುಂಡುಗಳನ್ನು ಕತ್ತರಿಸಿಕೊಳ್ಳಬೇಕು. ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಒಂದು ಗೆಣ್ಣಾದರೂ ಹುದುಗುವಂತೆ ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ನೆಟ್ಟು ನೆರಳಿನಲ್ಲಿಡಬೇಕು. ಬೇರು ಬಿಡಲು ಒಂದೆರಡು ತಿಂಗಳು ಹಿಡಿಯಬಹುದು. ಅಷ್ಟರೊಳಗೆ ಎಳೆದು ನೋಡುವ ಆತುರ ಬೇಡ. ಬೀಜದಿಂದಲೂ ಸಸಿ ಮಾಡಬಹುದು, ಆದರೆ ಅದು ಇನ್ನೂ ನಿಧಾನ.

ಜಾಗದ ಆಯ್ಕೆಯಲ್ಲಿ ಬಿಸಿಲಿಗಿಂತ ಮಣ್ಣಿನ ಗುಣವೇ ಮುಖ್ಯ. ಅರ್ಧ ದಿನ ಬಿಸಿಲು ಬಿದ್ದರೂ ಹೂ ಬಿಡುವ ಈ ಗಿಡ, ಸುಣ್ಣದ ಅಂಶವನ್ನು ಮಾತ್ರ ಸಹಿಸುವುದಿಲ್ಲ. ಹೊಸ ಕಾಂಪೌಂಡ್ ಗೋಡೆಯ ಬುಡದಲ್ಲಿ, ಸಿಮೆಂಟಿನ ಚೂರುಗಳು ಸೇರಿದ ಮಣ್ಣಿನಲ್ಲಿ ನೆಟ್ಟರೆ, ಕಬ್ಬಿಣದ ಅಂಶವು ಬೇರಿಗೆ ದಕ್ಕದೆ, ಚಿಗುರೆಲೆಗಳು ನರಗಳಷ್ಟೇ ಹಸಿರಾಗಿ ಉಳಿದು ಹಳದಿಗಟ್ಟುತ್ತವೆ. ಬೆಂಗಳೂರಿನಂಥ ಕಡೆ ಗಡಸು ಬೋರ್‌ವೆಲ್ ನೀರಿನಿಂದಲೂ ಇದೇ ತೊಂದರೆ ಬರುತ್ತದೆ. ಇದಕ್ಕೆ ರಾಸಾಯನಿಕ ಗೊಬ್ಬರ ಸುರಿಯುವ ಬದಲು, ಬುಡಕ್ಕೆ ತರಗೆಲೆಯ ಹೊದಿಕೆ ಹಾಸಿ, ಸಿಕ್ಕಾಗ ಮಳೆನೀರನ್ನೇ ಉಣಿಸಬೇಕು. ಒಲೆಯ ಬೂದಿಯನ್ನು ಎಲ್ಲ ಗಿಡಗಳಿಗೂ ಹಾಕುವ ಅಭ್ಯಾಸವಿರುವವರು ಕೇಪಳವನ್ನು ಅದರಿಂದ ದೂರವಿಡಬೇಕು.

ಸಾಲಾಗಿ ಬೇಲಿ ಕಟ್ಟುವುದಾದರೆ ಗಿಡದಿಂದ ಗಿಡಕ್ಕೆ ಮೂರು ಅಡಿ ಸಾಕು. ಹೂಗೊಂಚಲು ರೆಂಬೆಯ ತುದಿಯಲ್ಲಿಯೇ ಮೂಡುವುದರಿಂದ, ಪೊದೆಯನ್ನು ಪೆಟ್ಟಿಗೆಯಾಕಾರದಲ್ಲಿ ಪದೇ ಪದೇ ಕತ್ತರಿಸಿದರೆ ಹಸಿರು ಗೋಡೆ ಸಿಗುತ್ತದೆಯೇ ಹೊರತು ಹೂವಲ್ಲ. ಹೂವಿನ ಭರಾಟೆ ಇಳಿದ ಮೇಲೆ ಒಮ್ಮೆ, ಉದ್ದವಾದ ರೆಂಬೆಗಳನ್ನಷ್ಟೇ ಸವರಿ, ಕೆಲವು ಗೊಂಚಲುಗಳನ್ನು ಕಾಯಿಗೆ ಬಿಡಬೇಕು. ಕಡುಗೆಂಪಿಗೆ ತಿರುಗುವ ಹಣ್ಣು ಪಿಕಳಾರಗಳಿಗೂ ಮಕ್ಕಳಿಗೂ ಪ್ರಿಯ. ಹೂವಿನ ಕೊಳವೆ ಬಹಳ ಸಪೂರವಾಗಿರುವುದರಿಂದ, ಅದರ ತಳದ ಮಧುವನ್ನು ಉದ್ದ ಹೀರುನಳಿಗೆಯ ದೊಡ್ಡ ಚಿಟ್ಟೆಗಳು ಸುಲಭವಾಗಿ ಹೀರುತ್ತವೆ. ‘ಮಂಕಿ ಪಜಲ್’ ಎಂಬ ಪುಟ್ಟ ಚಿಟ್ಟೆಯ ಮರಿಹುಳುಗಳಿಗೆ ಇದರ ಎಲೆಯೂ ಆಹಾರ. ಆದ್ದರಿಂದ ನಾಲ್ಕೆಲೆ ತೂತಾದ ಮಾತ್ರಕ್ಕೆ ಕೀಟನಾಶಕ ಸಿಂಪಡಿಸಬಾರದು. ಹಿಟ್ಟು ತಿಗಣೆ ಕಂಡರೆ ನೀರಿನ ರಭಸಕ್ಕೆ ತೊಳೆದು, ಹೋಗದಿದ್ದಲ್ಲಿ ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಕಲಸಿ ಅಷ್ಟಕ್ಕೇ ಹಚ್ಚಬೇಕು.

ಕೆಂಪು ಹೂವು ದೇವರ ಪೂಜೆಗೆ ಸಲ್ಲುವಂತೆ ಅಡುಗೆಗೂ ಸಲ್ಲುತ್ತದೆ. ಔಷಧ ಸಿಂಪಡಿಸದ ಗಿಡದಿಂದ ಒಂದು ಹಿಡಿ ಹೂ ಬಿಡಿಸಿ, ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ಅರೆದು, ಹುಳಿ ಹೆಚ್ಚಿಲ್ಲದ ಮಜ್ಜಿಗೆಗೆ ಬೆರೆಸಿ ಸಾಸಿವೆಯ ಒಗ್ಗರಣೆ ಕೊಟ್ಟರೆ ತಂಬುಳಿ ಸಿದ್ಧ. ಇದನ್ನು ಕುದಿಸುವಂತಿಲ್ಲ, ಅನ್ನಕ್ಕೆ ತಣ್ಣಗೇ ಬಡಿಸಬೇಕು.